ಬಿಸಿಲು ಏರಿದರೆ ಉಣ್ಣೆ ಸಾಯುತ್ತವೆಯೇ? ಹವಾಮಾನ, ಉಣ್ಣೆ ಮತ್ತು ಮಂಗನ ಕಾಯಿಲೆ: ನಿಜ ಎಷ್ಟು, ಸುಳ್ಳು ಎಷ್ಟು

"ಬೇಸಿಗೆ ಶುರುವಾಯಿತು, ಬಿಸಿಲು 35 ಡಿಗ್ರಿ ದಾಟಿದರೆ ಉಣ್ಣೆಗಳೆಲ್ಲ ತಾವಾಗಿಯೇ ಸಾಯುತ್ತವೆ, ಇನ್ನು ಕಾಡಿಗೆ ಹೋಗಲು ಭಯವಿಲ್ಲ. ಎಲ್ಲರಿಗೂ ಕಳಿಸಿ." ಈ ಧಾಟಿಯ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಕೇಳಲು ನಿಜ ಎನ್ನಿಸುತ್ತದೆ. ಅಷ್ಟು ಸಣ್ಣ ಜೀವಿ, ಅಷ್ಟು ಸುಡುವ ಬಿಸಿಲು, ಬದುಕುವುದಾದರೂ ಹೇಗೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಆದರೆ ಮಲೆನಾಡಿನಲ್ಲಿ ಈ ಮಾತನ್ನು ನಂಬಿ ಕಾಡಿಗೆ ಹೋದರೆ ಅದು ಜೀವಕ್ಕೇ ಕುತ್ತು ತರಬಹುದು. ಏಕೆಂದರೆ ನಮ್ಮ ರಾಜ್ಯದಲ್ಲಿ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಹೆಚ್ಚಾಗುವುದು ಮಳೆಗಾಲದಲ್ಲಲ್ಲ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ಚಳಿಗಾಲದ ಕೊನೆ ಮತ್ತು ಬೇಸಿಗೆಯಲ್ಲಿ. ಸಂದೇಶ ಯಾವಾಗ ಭಯವಿಲ್ಲ ಎನ್ನುತ್ತದೆಯೋ, ಆಗಲೇ ಅಪಾಯ ಹೆಚ್ಚು.

ಹಾಗಾದರೆ ಬಿಸಿಲು, ಮಳೆ, ಚಳಿ ಇವುಗಳಿಗೆ ಉಣ್ಣೆ ಹೇಗೆ ಸ್ಪಂದಿಸುತ್ತದೆ? ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- ಬಿಸಿಲಿನಿಂದ ಉಣ್ಣೆಗೆ ತೊಂದರೆ ಆಗುವುದು ನಿಜ. ಆದರೆ ಅದು ಬಯಲಿನಲ್ಲಿ ನಿಂತು ಸಾಯುವುದಿಲ್ಲ. ದರಗೆಲೆಯ ಅಡಿಗೆ, ನೆರಳಿಗೆ ಸರಿಯುತ್ತದೆ.
- ಉಣ್ಣೆಯ ದೊಡ್ಡ ಶತ್ರು ಬಿಸಿಗಿಂತ ಒಣಹವೆ.
- ಮಲೆನಾಡಿನಲ್ಲಿ ಮನುಷ್ಯರನ್ನು ಹೆಚ್ಚು ಕಚ್ಚುವುದು ಎಳೆಯ ಉಣ್ಣೆ. ಅದರ ಕಾಲವೇ ಬೇಸಿಗೆ.
- ಮಳೆ ಬಂದರೆ ಉಣ್ಣೆ ಕೊಚ್ಚಿ ಹೋಗುವುದಿಲ್ಲ. ಅದರ ಬೆಳವಣಿಗೆಯ ಹಂತ ಬದಲಾಗುತ್ತದೆ.
- ಕಾಡಿಗೆ ಹೋಗಿ ಬಂದ ಕೆಲವು ದಿನಗಳಲ್ಲಿ ಜೋರು ಜ್ವರ ಬಂದರೆ ಮನೆಯಲ್ಲಿ ಕಾಯಬೇಡಿ.

ಉಣ್ಣೆ ಎಂದರೆ ಯಾವ ಜೀವಿ?

ಕೆಲವರು ಉಣ್ಣೆ ಎನ್ನುತ್ತಾರೆ, ಕೆಲವರು ಉಣ್ಣಿ, ಮಲೆನಾಡಿನ ಹಲವೆಡೆ ಉಣುಗು. ಹೆಸರು ಯಾವುದಾದರೂ ಇದು ಕೀಟವಲ್ಲ. ಜೇಡ ಮತ್ತು ಚೇಳಿನ ಬಳಗಕ್ಕೆ ಸೇರಿದ ಜೀವಿ. ಬೆಳೆದ ಉಣ್ಣೆಗೆ ಎಂಟು ಕಾಲು. ರೆಕ್ಕೆ ಇಲ್ಲ. ಚಿಗಟದಂತೆ ನೆಗೆಯಲೂ ಬಾರದು.

ಕಾಡಿನ ಉಣ್ಣೆಯ ಬದುಕಿನಲ್ಲಿ ಮೊಟ್ಟೆ ಒಡೆದ ಮೇಲೆ ಮೂರು ಹಂತಗಳಿವೆ. ಮೊದಲನೆಯದು ಲಾರ್ವಾ, ಅಂದರೆ ಮರಿ. ಗಸಗಸೆಯಷ್ಟು ಗಾತ್ರ, ಆರೇ ಕಾಲು. ಎರಡನೆಯದು ನಿಂಫ್, ಅಂದರೆ ಎಳೆಯ ಉಣ್ಣೆ. ಚಿಕ್ಕ ಸಾಸಿವೆ ಕಾಳಿನಷ್ಟು. ಮೂರನೆಯದು ಬಲಿತ ಉಣ್ಣೆ. ದನಗಳ ಕಿವಿ, ಕೆಚ್ಚಲಿನ ಬಳಿ ರಕ್ತ ಕುಡಿದು ಊದಿಕೊಂಡು ಕಾಣುವ ದಪ್ಪ ಉಣ್ಣೆ ಇದೇ ಹಂತದ್ದು.

ಒಂದು ಹಂತದಿಂದ ಮುಂದಿನ ಹಂತಕ್ಕೆ ಹೋಗಲು ಪ್ರತಿ ಸಲವೂ ಒಂದು ರಕ್ತದ ಊಟ ಬೇಕು. ಊಟ ಮುಗಿದ ಮೇಲೆ ಪ್ರಾಣಿಯ ಮೈಯಿಂದ ಕೆಳಗೆ ಬಿದ್ದು, ನೆಲದಲ್ಲಿ ಪೊರೆ ಕಳಚಿ, ದೊಡ್ಡದಾಗಿ, ಮತ್ತೊಂದು ಪ್ರಾಣಿಗಾಗಿ ಕಾಯುತ್ತದೆ. ಹೀಗಾಗಿ ಉಣ್ಣೆ ತನ್ನ ಆಯುಸ್ಸಿನ ಬಹುಪಾಲನ್ನು ಕಳೆಯುವುದು ಪ್ರಾಣಿಯ ಮೈಮೇಲೆ ಅಲ್ಲ, ನೆಲದ ಮೇಲೆ. ಆದ್ದರಿಂದಲೇ ಹವಾಮಾನ ಅದಕ್ಕೆ ಅಷ್ಟು ಮುಖ್ಯ.

ಉಣ್ಣೆಗೆ ಮೊದಲು ಬೇಕಾಗಿರುವುದು ತೇವ

ಕಾಯುವ ಉಣ್ಣೆ ಏನು ಮಾಡುತ್ತದೆ ಗೊತ್ತೇ? ಹುಲ್ಲಿನ ಎಸಳು, ಕುರುಚಲು ಗಿಡ ಅಥವಾ ಒಣ ಎಲೆಯ ತುದಿ ಹತ್ತಿ, ಮುಂಗಾಲು ಚಾಚಿ ನಿಲ್ಲುತ್ತದೆ. ಆ ಮುಂಗಾಲುಗಳಲ್ಲಿ ಒಂದು ವಿಶೇಷ ಅಂಗವಿದೆ. ಪ್ರಾಣಿಯ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಶಾಖ, ಮೈವಾಸನೆಯನ್ನು ಅದು ಗುರುತಿಸುತ್ತದೆ. ದನವೋ ಮನುಷ್ಯರೋ ಸವರಿಕೊಂಡು ಹೋದ ಕ್ಷಣದಲ್ಲಿ ಕಾಲಿನಿಂದ ಹಿಡಿದುಕೊಂಡುಬಿಡುತ್ತದೆ.

ಆದರೆ ಹೀಗೆ ಮೇಲೆ ಹತ್ತಿ ನಿಂತಾಗ ಗಾಳಿಗೂ ಬಿಸಿಲಿಗೂ ಅದರ ಮೈಯೊಳಗಿನ ನೀರು ಆರುತ್ತಾ ಹೋಗುತ್ತದೆ. ದೇಹ ಬಹಳ ಸಣ್ಣದು, ನೀರಿನ ದಾಸ್ತಾನು ಕಡಿಮೆ. ನೀರು ತೀರಾ ಕಡಿಮೆಯಾದರೆ ಸಾವು ಖಚಿತ. ಅದಕ್ಕೇ ಅದು ಕೆಳಗಿಳಿದು ದರಗೆಲೆಯ ಅಡಿಯ ತೇವದ ಪದರಕ್ಕೆ ಸೇರಿಕೊಳ್ಳುತ್ತದೆ.

ಅಲ್ಲಿ ನಡೆಯುವುದು ನಿಜಕ್ಕೂ ಅಚ್ಚರಿಯ ಸಂಗತಿ. ಉಣ್ಣೆ ಬಾಯಿಯ ಬಳಿ ಉಪ್ಪಿನಂಶ ಇರುವ ಜೊಲ್ಲು ಸುರಿಸುತ್ತದೆ. ಮಳೆಗಾಲದಲ್ಲಿ ಡಬ್ಬಿಯೊಳಗಿನ ಉಪ್ಪು ತಾನಾಗಿಯೇ ನೀರಾಗುವುದನ್ನು ನೀವು ನೋಡಿದ್ದೀರಿ. ಅದೇ ರೀತಿ ಈ ಜೊಲ್ಲು ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಉಣ್ಣೆ ಅದನ್ನು ಮತ್ತೆ ನುಂಗುತ್ತದೆ. ಅಂದರೆ ಒಂದು ಹನಿ ನೀರು ಸಿಗದಿದ್ದರೂ ಗಾಳಿಯಿಂದಲೇ ನೀರು ಕುಡಿಯುತ್ತದೆ! ಹಲವು ಜಾತಿಯ ಉಣ್ಣೆಗಳಿಗೆ ಇದು ಸಾಧ್ಯವಾಗಲು ಗಾಳಿಯ ತೇವಾಂಶ ಸುಮಾರು ಶೇ 80ಕ್ಕಿಂತ ಹೆಚ್ಚಿರಬೇಕು.

ಸುತ್ತಲಿನ ಗಾಳಿ ಒಣಗಿದ್ದರೂ, ದಟ್ಟ ಮರಗಳ ಕೆಳಗೆ, ಗೇಣುದ್ದ ಬಿದ್ದ ಎಲೆಗಳ ಅಡಿಯಲ್ಲಿ ತೇವ ಉಳಿದಿರುತ್ತದೆ. ನೀವೇ ಕೈಯಿಂದ ಮೇಲಿನ ಒಣ ಎಲೆ ಸರಿಸಿ ನೋಡಿದರೆ ಕೆಳಗಿನ ಪದರ ತಣ್ಣಗೆ, ಹಸಿಯಾಗಿ ಇರುವುದು ಗೊತ್ತಾಗುತ್ತದೆ. ಹವಾಮಾನ ಇಲಾಖೆ ಹೇಳುವ 35 ಡಿಗ್ರಿ ಉಣ್ಣೆ ಇರುವ ಜಾಗದ ಶಾಖವಲ್ಲ. ಅದು ಗಾಳಿಯಾಡುವ ನೆರಳಿನಲ್ಲಿ, ಆಳೆತ್ತರಕ್ಕೆ ಹತ್ತಿರದಲ್ಲಿ ಅಳೆದದ್ದು. ಉಣ್ಣೆ ಬದುಕುವುದು ಎಲೆಯ ಅಡಿಯ ಬೇರೆಯದೇ ಹವೆಯಲ್ಲಿ. ಫಾರ್ವರ್ಡ್ ಸಂದೇಶ ಎಡವಿರುವುದು ಇಲ್ಲಿಯೇ.

ಶಾಖ ಏನು ಮಾಡುತ್ತದೆ?

ಉಣ್ಣೆಗೆ ನಮ್ಮಂತೆ ಮೈಶಾಖವನ್ನು ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುವ ಶಕ್ತಿ ಇಲ್ಲ. ಸುತ್ತಲು ತಣ್ಣಗಿದ್ದರೆ ಅದರ ಮೈಯೂ ತಣ್ಣಗೆ, ಬೆಚ್ಚಗಿದ್ದರೆ ಮೈಯೂ ಬೆಚ್ಚಗೆ.

ತುಂಬಾ ಚಳಿ ಇದ್ದರೆ ಚಲನೆ ನಿಧಾನವಾಗುತ್ತದೆ, ಮೊಟ್ಟೆ ಒಡೆಯುವುದು ಮತ್ತು ಪೊರೆ ಕಳಚುವುದು ತಡವಾಗುತ್ತದೆ. ಬೆಚ್ಚಗಾದಂತೆ ಎಲ್ಲವೂ ಚುರುಕಾಗುತ್ತದೆ. ತೀರಾ ಬಿಸಿಯಾಗಿ ಗಾಳಿಯೂ ಒಣಗಿದ್ದರೆ ಮೇಲೆ ನಿಂತು ಕಾಯುವ ಹೊತ್ತು ಕಡಿಮೆಯಾಗುತ್ತದೆ. ಆಗ ಬೆಳಗ್ಗೆ, ಸಂಜೆ, ನೆರಳಿನ ಜಾಗಗಳೇ ಅದಕ್ಕೆ ಅನುಕೂಲ. ಶಾಖ ಮತ್ತು ಒಣಹವೆ ಎರಡೂ ಸೇರಿ, ಅಡಗಲು ಜಾಗವೂ ಇಲ್ಲದಿದ್ದರೆ ಮಾತ್ರ ಉಣ್ಣೆ ಬೇಗ ಸಾಯುತ್ತದೆ. ಮರವಿಲ್ಲದ, ಎಲೆ ಬೀಳದ, ಗುಡಿಸಿದ ಅಂಗಳ ಅಂಥ ಜಾಗ. ಕಾಡು ಅಂಥ ಜಾಗವಲ್ಲ.

ಎಲ್ಲ ಉಣ್ಣೆಗಳೂ ಒಂದೇ ರೀತಿಯವಲ್ಲ ಎಂಬುದನ್ನೂ ನೆನಪಿಡಿ. ಊರಿನ ನಾಯಿಗಳ ಮೈಮೇಲೆ ಕಾಣುವ ಕಂದು ಉಣ್ಣೆ ಒಣಹವೆಯನ್ನು ಹೆಚ್ಚು ತಡೆದುಕೊಳ್ಳುತ್ತದೆ. ಗೋಡೆಯ ಬಿರುಕು, ನಾಯಿಗೂಡಿನ ಸಂದಿಯಲ್ಲೂ ವರ್ಷವಿಡೀ ಬದುಕುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು ಈ ಕಂದು ಉಣ್ಣೆಯ ಮುಂದೆ ಒಂದು ಕಡೆ ನಾಯಿ, ಇನ್ನೊಂದು ಕಡೆ ಮನುಷ್ಯರನ್ನು ಇಟ್ಟು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಹೇಳಿದರು. ಸುಮಾರು 23 ಡಿಗ್ರಿ ಇದ್ದ ಶಾಖವನ್ನು 38 ಡಿಗ್ರಿಗೆ ಏರಿಸಿದಾಗ ಉಣ್ಣೆಗಳು ನಾಯಿಯನ್ನು ಬಿಟ್ಟು ಮನುಷ್ಯರ ಕಡೆ ಹೊರಳುವುದು ಹೆಚ್ಚಾಯಿತು. ಬಿಸಿ ಹೆಚ್ಚಾದರೆ ನಮಗೆ ನಿರಾಳ ಎಂಬ ಮಾತಿಗೆ ಇದು ನೇರ ವಿರುದ್ಧ.

ಮಲೆನಾಡಿನ ಉಣ್ಣೆಯ ವರ್ಷಚಕ್ರ

ಮಂಗನ ಕಾಯಿಲೆಯನ್ನು ಹರಡುವ ಮುಖ್ಯ ಉಣ್ಣೆಯ ವೈಜ್ಞಾನಿಕ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಪಶ್ಚಿಮಘಟ್ಟದ ಕಾಡುಗಳಲ್ಲಿ ಇದರ ಒಂದು ಸುತ್ತು ಹೆಚ್ಚುಕಡಿಮೆ ಮಳೆ ಬಿಸಿಲಿನ ಲೆಕ್ಕದಂತೆಯೇ ನಡೆಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್: ಮುಂಗಾರು ಬಿದ್ದ ಮೇಲೆ ಬಲಿತ ಉಣ್ಣೆಗಳು ಹೊರಬರುತ್ತವೆ. ಇವು ಹೆಚ್ಚಾಗಿ ಹುಡುಕುವುದು ದನ, ಎಮ್ಮೆಯಂಥ ದೊಡ್ಡ ಪ್ರಾಣಿಗಳನ್ನು. ರಕ್ತ ಕುಡಿದ ಹೆಣ್ಣು ಉಣ್ಣೆ ನೆಲಕ್ಕೆ ಬಿದ್ದು ಎಲೆಗಳ ಅಡಿಯಲ್ಲಿ ರಾಶಿ ಮೊಟ್ಟೆ ಇಟ್ಟು ಸಾಯುತ್ತದೆ.

ಅಕ್ಟೋಬರ್‌ನಿಂದ ಡಿಸೆಂಬರ್: ಮಳೆ ಹಿಂದೆ ಸರಿದ ಮೇಲೆ ಮರಿಗಳ ಕಾಲ. ಒಂದೇ ಕಡೆ ಮೊಟ್ಟೆ ಒಡೆದಿರುವುದರಿಂದ ಗುಂಪುಗುಂಪಾಗಿ ಇರುತ್ತವೆ. ಇಲಿ, ಅಳಿಲು, ಹಕ್ಕಿ, ಮಂಗ ಹೀಗೆ ಸಿಕ್ಕ ಪ್ರಾಣಿಯ ರಕ್ತ ಕುಡಿಯುತ್ತವೆ.

ಡಿಸೆಂಬರ್‌ನಿಂದ ಮೇ: ಮರಿಗಳು ಪೊರೆ ಕಳಚಿ ಎಳೆಯ ಉಣ್ಣೆ ಆಗುತ್ತವೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚಿ ಕಾಯಿಲೆ ಹರಡುವುದು ಈ ಹಂತ. ಸಣ್ಣದಾದ್ದರಿಂದ ಕಣ್ಣಿಗೆ ಬೀಳುವುದು ಕಷ್ಟ. ಕಚ್ಚಿದ್ದೂ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಈಗ ಇದರ ಪಕ್ಕದಲ್ಲಿ ನಮ್ಮ ಜನರ ಕೆಲಸದ ಲೆಕ್ಕ ಇಟ್ಟು ನೋಡಿ. ಮಳೆಗಾಲದಲ್ಲಿ ಕಾಡಿನ ಒಳಗೆ ಓಡಾಟ ಕಡಿಮೆ. ಜನವರಿಯಿಂದ ಏಪ್ರಿಲ್‌ವರೆಗೆ ದರಗೆಲೆ ಬಾಚಬೇಕು, ಮಳೆಗಾಲಕ್ಕೆ ಕಟ್ಟಿಗೆ ಕೂಡಿಡಬೇಕು, ಕೊಟ್ಟಿಗೆಗೆ ಸೊಪ್ಪು ತರಬೇಕು, ಅಡಿಕೆ ತೋಟದ ಕೆಲಸ, ದನ ಮೇಯಿಸುವುದು, ಕಾಡುತ್ಪನ್ನ ಸಂಗ್ರಹ. ಎಳೆಯ ಉಣ್ಣೆ ಕಾಯುವ ಕಾಲಕ್ಕೆ ಸರಿಯಾಗಿ ಮನುಷ್ಯರು ಅದರ ಮನೆಗೇ ಹೋಗಿ ಎಲೆ ಬಾಚುತ್ತಾರೆ. ತಲೆಹೊರೆಯಲ್ಲಿ ಅದನ್ನು ಊರಿಗೂ ತರುತ್ತಾರೆ. ಬೇಸಿಗೆಯಲ್ಲಿ ಕಾಯಿಲೆ ಏರುವುದಕ್ಕೆ ಹವಾಮಾನ ಅರ್ಧ ಕಾರಣವಾದರೆ ನಮ್ಮ ಕೆಲಸದ ಕಾಲ ಇನ್ನರ್ಧ ಕಾರಣ.

ಮಲೆನಾಡಿನವರಿಗೆ ಇದನ್ನು ಸುಲಭವಾಗಿ ನೆನಪಿಟ್ಟುಕೊಳ್ಳುವ ದಾರಿ ಇದೆ: ಮಳೆಗಾಲಕ್ಕೆ ಇಂಬಳ, ಬೇಸಿಗೆಗೆ ಎಳೆ ಉಣ್ಣೆ.

ಮಂಗನ ಕಾಯಿಲೆ: ಏಕೆ ಇಷ್ಟು ಎಚ್ಚರ?

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳ ಜನರಿಗೂ ಜೋರು ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷಿಸಿ ಹೊಸ ವೈರಸ್ ಪತ್ತೆ ಮಾಡಿದರು. ಆ ಕಾಡಿನ ಹೆಸರೇ ಕಾಯಿಲೆಗೆ ಬಂತು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ ಕೆಎಫ್‌ಡಿ. ಜನರ ಬಾಯಲ್ಲಿ ಮಂಗನ ಕಾಯಿಲೆ.

ಹಲವು ದಶಕಗಳ ಕಾಲ ಇದು ಶಿವಮೊಗ್ಗ ಮತ್ತು ಸುತ್ತಲಿನ ಜಿಲ್ಲೆಗಳ ಕಾಯಿಲೆ ಎಂದೇ ಎಲ್ಲರೂ ತಿಳಿದಿದ್ದರು. 2012ರ ನಂತರ ಬಂಡೀಪುರ ಭಾಗ, ತಮಿಳುನಾಡಿನ ನೀಲಗಿರಿ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿತು. 2018ರ ಡಿಸೆಂಬರ್‌ನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಶುರುವಾದ ಅಲೆ 2019ರ ಬೇಸಿಗೆಯವರೆಗೂ ಜನರನ್ನು ಕಾಡಿ, ಸಾವುಗಳಿಗೂ ಕಾರಣವಾಯಿತು.

ಸೋಂಕಿರುವ ಉಣ್ಣೆ ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ಚಳಿ, ಹಣೆಯ ಭಾಗದಲ್ಲಿ ವಿಪರೀತ ತಲೆನೋವು, ಮೈಕೈ ನೋವು ಶುರುವಾಗುತ್ತದೆ. ನಂತರ ವಾಂತಿ, ಭೇದಿ, ಕೆಲವರಿಗೆ ಮೂಗು, ವಸಡಿನಿಂದ ರಕ್ತ ಬರಬಹುದು. ಹೆಚ್ಚಿನವರು ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಶೇ 10ರಿಂದ 20 ಜನರಲ್ಲಿ ಮೂರನೇ ವಾರದ ಹೊತ್ತಿಗೆ ಜ್ವರ ಮರುಕಳಿಸಿ, ತೀವ್ರ ತಲೆನೋವು, ಗೊಂದಲ, ನಡುಕ, ದೃಷ್ಟಿಯ ತೊಂದರೆ ಕಾಣಿಸಬಹುದು. ಕಾಯಿಲೆ ಬಂದವರಲ್ಲಿ ಸಾವಿನ ಪ್ರಮಾಣ ಶೇ 3ರಿಂದ 5.

ಈ ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧಿ ಇಲ್ಲ. 1990ರಿಂದ ಕೊಡುತ್ತಿದ್ದ ಹಳೆಯ ಲಸಿಕೆಯ ಪರಿಣಾಮ ಸಾಲದು ಎಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಹೀಗಿರುವಾಗ ಉಣ್ಣೆ ಕಚ್ಚದಂತೆ ನೋಡಿಕೊಳ್ಳುವುದು, ಜ್ವರ ಬಂದ ಕೂಡಲೇ ಆಸ್ಪತ್ರೆ ಸೇರುವುದು, ಇವೆರಡೇ ನಮ್ಮ ಕೈಯಲ್ಲಿರುವ ರಕ್ಷಣೆ.

ಹರಿದಾಡುವ ಮಾತುಗಳು: ಯಾವುದು ನಿಜ?

1. "ಮಳೆ ಬಂದರೆ ಉಣ್ಣೆ ಕೊಚ್ಚಿ ಹೋಗುತ್ತವೆ"

ತಪ್ಪು. ಹಲವು ಜಾತಿಯ ಉಣ್ಣೆಗಳು ನೀರಿನಲ್ಲಿ ಮುಳುಗಿದರೂ ದಿನಗಟ್ಟಲೆ ಬದುಕಬಲ್ಲವು. ಮುಂಗಾರು ಶುರುವಾದ ಮೇಲೆ ಮಂಗನ ಕಾಯಿಲೆ ಇಳಿಯುವುದು ನಿಜ. ಕಾರಣ, ಆ ಹೊತ್ತಿಗೆ ಎಳೆಯ ಉಣ್ಣೆಗಳು ಬಲಿತು ದನಗಳ ಕಡೆ ಹೋಗಿರುತ್ತವೆ, ನಾವೂ ಕಾಡಿಗೆ ಹೋಗುವುದು ಕಡಿಮೆ. ಏಪ್ರಿಲ್‌ನಲ್ಲಿ ಒಂದು ಅಡ್ಡಮಳೆ ಬಂದ ಮಾತ್ರಕ್ಕೆ ಕಾಯಿಲೆಯ ಕಾಲ ಮುಗಿಯಿತು ಎಂದುಕೊಳ್ಳಬೇಡಿ. ಆ ಮಳೆ ದರಗೆಲೆಗೆ ತೇವ ಕೊಟ್ಟು ಉಣ್ಣೆಗೆ ಅನುಕೂಲವನ್ನೇ ಮಾಡಬಹುದು.

2. "ಚಳಿಗೆ ಉಣ್ಣೆ ಸಾಯುತ್ತವೆ"

ಮಲೆನಾಡಿನ ಚಳಿ ಉಣ್ಣೆಯನ್ನು ಕೊಲ್ಲುವಷ್ಟು ಕಠಿಣವಲ್ಲ. ಡಿಸೆಂಬರ್, ಜನವರಿಯ ಇಬ್ಬನಿ ನೆಲವನ್ನು ಹಸಿಯಾಗಿ ಇಡುತ್ತದೆ.

3. "ಉಣ್ಣೆ ಮರದಿಂದ ತಲೆಯ ಮೇಲೆ ಉದುರುತ್ತದೆ"

ಸಾಮಾನ್ಯವಾಗಿ ಅಲ್ಲ. ಅದು ಕಾಯುವುದು ನೆಲದ ಹತ್ತಿರ. ಕಾಲಿಗೆ ಹತ್ತಿ, ಬಟ್ಟೆಯೊಳಗೆ ಮೇಲಕ್ಕೆ ಹರಿದು, ಕಂಕುಳು, ಸೊಂಟ, ಕುತ್ತಿಗೆ, ಕೂದಲಿನ ಬುಡ ಸೇರುತ್ತದೆ. ಕುತ್ತಿಗೆಯಲ್ಲಿ ಕಂಡದ್ದರಿಂದ ಮೇಲಿನಿಂದ ಬಿತ್ತು ಎಂದು ಅನ್ನಿಸುತ್ತದೆ.

4. "ಮಂಗನ ಕಾಯಿಲೆ ಮಂಗನಿಂದ ಹರಡುತ್ತದೆ, ಮಂಗಗಳನ್ನು ಓಡಿಸಬೇಕು"

ಮಂಗವೂ ನಮ್ಮಂತೆಯೇ ಈ ಕಾಯಿಲೆಗೆ ಬಲಿಯಾಗುವ ಪ್ರಾಣಿ. ಕಪ್ಪು ಮುಖದ ಮುಸುವ, ಕೆಂಪು ಮುಖದ ಮಂಗ ಎರಡೂ ಸಾಯುತ್ತವೆ. ಆದರೆ ಸತ್ತ ಮಂಗದ ಮೈ ತಣ್ಣಗಾದಂತೆ ಅದರ ಮೇಲಿದ್ದ ಉಣ್ಣೆಗಳು ಕೆಳಗಿಳಿದು ಸುತ್ತಲೂ ಹರಡುತ್ತವೆ. ಆದ್ದರಿಂದ ಸತ್ತ ಮಂಗದ ಹತ್ತಿರ ಹೋಗಬಾರದು, ಮುಟ್ಟಬಾರದು, ಹೂಳಲು ಹೋಗಬಾರದು. ಕೂಡಲೇ ಆರೋಗ್ಯ ಇಲಾಖೆ, ಅರಣ್ಯ ಇಲಾಖೆ ಅಥವಾ ಪಂಚಾಯಿತಿಗೆ ತಿಳಿಸಿ. ಅವರು ಸುತ್ತ ಸುಮಾರು 50 ಅಡಿ ಜಾಗಕ್ಕೆ ಉಣ್ಣೆನಾಶಕ ಪುಡಿ ಹಾಕುವ ವ್ಯವಸ್ಥೆ ಮಾಡುತ್ತಾರೆ. ಮಂಗ ಸತ್ತ ಸುದ್ದಿ ಊರಿಗೆ ಸಿಗುವ ಮೊದಲ ಎಚ್ಚರಿಕೆ. ಅದನ್ನು ಮುಚ್ಚಿಡಬೇಡಿ.

5. "ಕಾಯಿಲೆಯವರ ಹತ್ತಿರ ಹೋದರೆ ನಮಗೂ ಅಂಟುತ್ತದೆ"

ಇಲ್ಲ. ಇದು ಒಬ್ಬರಿಂದ ಒಬ್ಬರಿಗೆ ಹರಡಿದ್ದು ಕಂಡುಬಂದಿಲ್ಲ. ರೋಗಿಯ ಮನೆಯವರನ್ನು ದೂರ ಇಡುವುದು, ನೀರು ಕೊಡದಿರುವುದು ಅನ್ಯಾಯ. ಹೀಗೆ ಮಾಡಿದರೆ ಜನ ಜ್ವರವನ್ನೇ ಮುಚ್ಚಿಡುತ್ತಾರೆ. ಅದರಿಂದ ಆಗುವ ಹಾನಿ ಹೆಚ್ಚು.

6. "ಕಚ್ಚಿದ ಉಣ್ಣೆಗೆ ಬೆಂಕಿಕಡ್ಡಿ ತಾಗಿಸಿ, ಸೀಮೆಎಣ್ಣೆ ಹಾಕಿ, ತಾನೇ ಬಿಡುತ್ತದೆ"

ಮಾಡಬೇಡಿ. ಬಿಸಿ ತಾಗಿದರೆ ಅಥವಾ ಉಸಿರುಗಟ್ಟಿದರೆ ಉಣ್ಣೆ ಜೊಲ್ಲನ್ನು ಗಾಯದೊಳಗೆ ಇನ್ನಷ್ಟು ಬಿಡುವ ಸಾಧ್ಯತೆ ಇದೆ. ಸೋಂಕು ಇರುವುದು ಆ ಜೊಲ್ಲಿನಲ್ಲೇ. ಜೊತೆಗೆ ನಿಮ್ಮ ಚರ್ಮವೂ ಸುಡುತ್ತದೆ.

7. "ಕಾಡಿನ ದರಗೆಲೆಗೆ ಬೆಂಕಿ ಹಾಕಿದರೆ ಉಣ್ಣೆ ಕಾಟ ಮುಗಿಯುತ್ತದೆ"

ಬೆಂಕಿಯಲ್ಲಿ ಒಂದಷ್ಟು ಉಣ್ಣೆ ಸಾಯಬಹುದು. ಆದರೆ ಸುತ್ತಲಿನ ಕಾಡಿನಿಂದ ಪ್ರಾಣಿಗಳು ಮತ್ತೆ ಹೊತ್ತು ತರುತ್ತವೆ. ಕಾಡಿಗೆ ಬೆಂಕಿ ಇಡುವುದು ಕಾನೂನಿನ ಪ್ರಕಾರ ಅಪರಾಧವೂ ಹೌದು.

8. "24 ಗಂಟೆಯೊಳಗೆ ಉಣ್ಣೆ ತೆಗೆದರೆ ಏನೂ ಆಗುವುದಿಲ್ಲ"

ಇದು ಅಮೆರಿಕದಿಂದ ಬಂದ ಮಾತು. ಅಲ್ಲಿನ ಲೈಮ್ ಕಾಯಿಲೆಯ ಬ್ಯಾಕ್ಟೀರಿಯಾ ಉಣ್ಣೆಯಿಂದ ಮನುಷ್ಯರಿಗೆ ದಾಟಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಬೇಕು. ಮಂಗನ ಕಾಯಿಲೆಯದು ವೈರಸ್. ಇದೇ ಬಳಗದ ಪೊವಾಸ್ಸನ್ ಎಂಬ ವೈರಸ್ ಇಲಿಗಳ ಮೇಲಿನ ಪ್ರಯೋಗದಲ್ಲಿ ಹದಿನೈದೇ ನಿಮಿಷದಲ್ಲಿ ದಾಟಿತ್ತು. ಹಾಗಾಗಿ ಆ 24 ಗಂಟೆಯ ಧೈರ್ಯ ನಮ್ಮ ಕಾಡಿಗೆ ಹೊಂದುವುದಿಲ್ಲ. ಕಂಡ ಕೂಡಲೇ ತೆಗೆಯಿರಿ. ತೆಗೆದ ಮೇಲೂ ಜ್ವರದ ಮೇಲೆ ಕಣ್ಣಿಡಿ.

ವಿದೇಶದಲ್ಲಿರುವ ನಮ್ಮವರಿಗೆ

ಮಗ, ಮಗಳು ಅಮೆರಿಕದಲ್ಲಿದ್ದಾರೆ, ಅಲ್ಲಿ ಆರು ತಿಂಗಳು ಇದ್ದು ಬರುತ್ತೇವೆ ಎನ್ನುವವರು ಈಗ ಎಲ್ಲ ಊರಿನಲ್ಲೂ ಇದ್ದಾರೆ. ಅಮೆರಿಕದ ಪೂರ್ವ ಭಾಗದಲ್ಲಿ ಉಣ್ಣೆಯ ಲೆಕ್ಕ ಬೇರೆ. ಅಲ್ಲಿ ಲೈಮ್ ಕಾಯಿಲೆ ಹರಡುವ ಎಳೆಯ ಉಣ್ಣೆಗಳು ಹೆಚ್ಚು ಓಡಾಡುವುದು ಮೇನಿಂದ ಜುಲೈವರೆಗೆ. ಹಿಮ ಬಿದ್ದರೆ ಉಣ್ಣೆ ಸತ್ತವು ಎಂದು ಅಲ್ಲಿಯೂ ಜನ ನಂಬುತ್ತಾರೆ. ಆದರೆ ಹಿಮದ ಪದರ ಕಂಬಳಿಯಂತೆ ನೆಲವನ್ನು ಮುಚ್ಚಿ, ಎಲೆಯಡಿಯ ಉಣ್ಣೆಗಳನ್ನು ಕೊರೆಯುವ ಗಾಳಿಯಿಂದ ಕಾಪಾಡುತ್ತದೆ. ಚಳಿಗಾಲದ ನಡುವೆಯೂ ಶಾಖ ಸುಮಾರು 4 ಡಿಗ್ರಿ ಮೀರಿದ ದಿನ ಬಲಿತ ಉಣ್ಣೆಗಳು ಹೊರಬರಬಹುದು. ವಾಕಿಂಗ್‌ಗೆ ಹೋಗುವ ಹಿರಿಯರು ಕಾಲುದಾರಿಯ ನಡುವೆಯೇ ನಡೆಯಲಿ, ಅಂಚಿನ ಹುಲ್ಲು ಸವರಿಕೊಂಡು ಹೋಗದಿರಲಿ.

ನೀವು ಏನು ಮಾಡಬೇಕು?

ಕಾಡಿಗೆ, ತೋಟಕ್ಕೆ ಹೋಗುವ ಮುನ್ನ:

- ಮೈತುಂಬಾ ಬಟ್ಟೆ ಹಾಕಿ. ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ ಸೇರಿಸಿ. ತಿಳಿ ಬಣ್ಣದ ಬಟ್ಟೆಯಾದರೆ ಉಣ್ಣೆ ಬೇಗ ಕಾಣುತ್ತದೆ.
- ಕಾಯಿಲೆ ಕಾಣಿಸಿಕೊಂಡ ಊರುಗಳಲ್ಲಿ ಆರೋಗ್ಯ ಇಲಾಖೆ ಡಿಎಂಪಿ ಅಥವಾ ದೀಪಾ ತೈಲ ಹಂಚುತ್ತದೆ. ಆಶಾ ಕಾರ್ಯಕರ್ತೆಯರನ್ನು ಕೇಳಿ ಪಡೆದು, ಅವರು ಹೇಳಿದಂತೆ ಕೈಕಾಲಿಗೆ ಹಚ್ಚಿಕೊಳ್ಳಿ. ಕಣ್ಣು, ಬಾಯಿಗೆ ತಾಗಿಸಬೇಡಿ.
- ಕಾಡಿನ ನೆಲದ ಮೇಲೆ ಕೂರಬೇಡಿ, ಮಲಗಬೇಡಿ. ಮಧ್ಯಾಹ್ನದ ಬುತ್ತಿ ಬಿಚ್ಚುವುದೂ ದರಗೆಲೆಯ ಮೇಲೆ ಬೇಡ.
- ಮಂಗ ಸತ್ತ ಜಾಗದ ಸುತ್ತ ದನ ಮೇಯಿಸಬೇಡಿ, ಎಲೆ ಬಾಚಬೇಡಿ.

ಮನೆಗೆ ಬಂದ ಮೇಲೆ:

- ಬಟ್ಟೆಯನ್ನು ಹೊರಗೇ ಬಿಚ್ಚಿ, ಕುದಿಯುವ ಬಿಸಿನೀರಿಗೆ ಹಾಕಿ. ತಣ್ಣೀರಲ್ಲಿ ಒಗೆದರೆ ಉಣ್ಣೆ ಸಾಯುವುದಿಲ್ಲ. ಕನಿಷ್ಠ 54 ಡಿಗ್ರಿ ಬಿಸಿ ಬೇಕು. ಅಂದರೆ ಶಾಖ ಉಣ್ಣೆಯನ್ನು ಕೊಲ್ಲುತ್ತದೆ ಎಂಬುದು ಪೂರ್ತಿ ಸುಳ್ಳಲ್ಲ. ಆದರೆ ಆ ಶಾಖ ಸಿಗುವುದು ಒಲೆಯ ಮೇಲಿನ ಹಂಡೆಯಲ್ಲಿ, ಕಾಡಿನ ನೆರಳಿನಲ್ಲಿ ಅಲ್ಲ.
- ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ಮೊಣಕಾಲಿನ ಹಿಂಭಾಗ, ಸೊಂಟ, ಕಿವಿಯ ಹಿಂದೆ, ತಲೆಗೂದಲು ನೋಡಿಕೊಳ್ಳಿ. ಮಕ್ಕಳನ್ನೂ ಪರೀಕ್ಷಿಸಿ.
- ಕಾಡಿನಿಂದ ತಂದ ದರಗೆಲೆಯನ್ನು ಮನೆಯ ಜಗಲಿಯ ಪಕ್ಕ ರಾಶಿ ಹಾಕಬೇಡಿ.
- ದನಗಳ ಮೈಮೇಲಿನ ಉಣ್ಣೆಗೆ ಪಶುವೈದ್ಯರು ಹೇಳಿದ ಔಷಧಿ ಹಾಕಿಸಿ. ದನಗಳಿಗೆ ಈ ಕಾಯಿಲೆ ಬಾಧಿಸುವುದಿಲ್ಲ, ಆದರೆ ಅವು ಉಣ್ಣೆಗಳನ್ನು ಊರಿಗೆ ಹೊತ್ತು ತರುತ್ತವೆ.

ಉಣ್ಣೆ ಕಚ್ಚಿಕೊಂಡಿದ್ದರೆ:

ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು, ನೇರವಾಗಿ, ನಿಧಾನವಾಗಿ ಮೇಲಕ್ಕೆ ಎಳೆಯಿರಿ. ತಿರುಚಬೇಡಿ. ಉಗುರಿನಿಂದ ಹೊಸಕಿ ಸಾಯಿಸಬೇಡಿ. ತೆಗೆದ ಉಣ್ಣೆಯನ್ನು ಅಂಟುಪಟ್ಟಿಯ ನಡುವೆ ಭದ್ರವಾಗಿ ಮುಚ್ಚಿ ಎಸೆಯಿರಿ. ಕಚ್ಚಿದ ಜಾಗ ಮತ್ತು ಕೈಯನ್ನು ಸೋಪಿನಿಂದ ತೊಳೆಯಿರಿ. ಕಚ್ಚಿದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವೈದ್ಯರಿಗೆ ಅದು ಬಹಳ ಉಪಯೋಗ.

ಜ್ವರ ಬಂದರೆ:

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, "ಕಾಡಿಗೆ ಹೋಗಿದ್ದೆ" ಅಥವಾ "ಉಣ್ಣೆ ಕಚ್ಚಿತ್ತು" ಎಂದು ಮೊದಲೇ ಹೇಳಿ. ಈ ಒಂದು ಮಾತು ಹೇಳದಿದ್ದರೆ ಸಾಮಾನ್ಯ ಜ್ವರ ಎಂದು ದಿನಗಳು ಕಳೆದುಹೋಗಬಹುದು. ರಕ್ತಪರೀಕ್ಷೆಯಿಂದ ಕಾಯಿಲೆ ಗೊತ್ತಾಗುತ್ತದೆ. ಮೊದಲ ದಿನಗಳಲ್ಲಿ ಆರ್‌ಟಿಪಿಸಿಆರ್ ಪರೀಕ್ಷೆ ಹೆಚ್ಚು ಉಪಯುಕ್ತ. ರಕ್ತಸ್ರಾವದ ಅಪಾಯ ಇರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬೇಡಿ. ನೀರಿನಂಶ ಕಡಿಮೆಯಾಗದಂತೆ, ರಕ್ತದೊತ್ತಡ ಕುಸಿಯದಂತೆ ನೋಡಿಕೊಳ್ಳುವುದೇ ಇಲ್ಲಿ ಚಿಕಿತ್ಸೆ. ಅದು ಬೇಗ ಶುರುವಾದಷ್ಟೂ ಒಳ್ಳೆಯದು. ಜ್ವರ ಬಿಟ್ಟ ಮೇಲೂ ಎರಡು, ಮೂರು ವಾರ ಗಮನವಿರಲಿ. ಮತ್ತೆ ಜ್ವರ, ತಲೆನೋವು ಬಂದರೆ ಮರಳಿ ಆಸ್ಪತ್ರೆಗೆ ಹೋಗಿ.

ಕೊನೆಯ ಮಾತು

ಬಿಸಿಲು ಏರಿದರೆ ಉಣ್ಣೆ ಸಾಯುತ್ತವೆ ಎಂಬ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಕಳಿಸಿದವರ ಮೇಲೆ ಸಿಟ್ಟಾಗಬೇಡಿ. ಒಳ್ಳೆಯದಾಗಲಿ ಎಂದೇ ಕಳಿಸಿರುತ್ತಾರೆ. ಅದರ ಕೆಳಗೆ ಈ ನಾಲ್ಕು ಸಾಲು ಹಾಕಿ ಸಾಕು:

"ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಎಳೆ ಉಣ್ಣೆಗಳ ಕಾಲ. ಬಿಸಿಲಿಗೆ ಅವು ಸಾಯುವುದಿಲ್ಲ, ದರಗೆಲೆಯ ಅಡಿ ಇರುತ್ತವೆ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ."